ಫಾರ್ಮ್ಯಾಟ್ ಒತ್ತೋ ಮುಂಚೆ

ಹೂಗ್ಯಂನಲ್ಲಿ ನೆಂಟರ ಮನೇಲಿದ್ದೀನಿ. ಮಾದಪ್ಪನ ಬೆಟ್ಟದ ಕಂಸಾಳೆ ವಿಡಿಯೊ ತುಂಬಿರೋ ಹಾರ್ಡ್‌ಡಿಸ್ಕು ಲಿನಕ್ಸ್‌ನಲ್ಲಿ ಮೌಂಟೇ ಆಗ್ತಿಲ್ಲ. 'ಫಾರ್ಮ್ಯಾಟ್ ಹೊಡುದ್ಬುಡಣ್ಣ' ಅಂತಾನೆ ಮನೆ ಹುಡುಗ. ತಡಿಯಪ್ಪ! ಟರ್ಮಿನಲ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ ಕೊಟ್ರೆ ಡಿಸ್ಕೂ ಕಾಣ್ತಿದೆ, ಪಾರ್ಟಿಷನ್ನೂ ಕಾಣ್ತಿದೆ. ಡಿಎಂಇಎಸ್‌ಜಿ ಕೊಟ್ಟು ಕರ್ನಲ್ ಲಾಗ್ ನೋಡಿದ್ರೆ 'ವಾಲ್ಯೂಮ್ ಡರ್ಟಿ' ಅಂತಿದೆ. ಅಂದ್ರೆ ವಿಂಡೋಸ್‌ನಲ್ಲಿ ಯಾರೋ ಇಜೆಕ್ಟ್ ಮಾಡದೆ ಕಿತ್ತಿರಬೇಕು, ಇಲ್ಲಾ ನಡುವೆ ಕರೆಂಟು ಹೋಗಿರಬೇಕು. 2021ರಲ್ಲಿ ಲಿನಕ್ಸ್ 5.15 ಕರ್ನಲ್ ಜೊತೆ ಬಂದ, ವಿಂಡೋಸ್ ಡಿಸ್ಕು ಓದೋ ಎನ್‌ಟಿಎಫ್‌ಎಸ್3 ಡ್ರೈವರ್ ಇಂಥ ಡಿಸ್ಕನ್ನ ಬೇಕಂತಲೇ ಒಳಗೆ ಬಿಟ್ಕೊಳಲ್ಲ. ಇರೋ ಫೈಲು ಇನ್ನಷ್ಟು ಹಾಳಾಗದಿರಲಿ ಅಂತ. ವಿಂಡೋಸ್‌ಗೇ ಹಾಕಿ ಚೆಕ್‌ಡಿಸ್ಕ್ ಓಡಿಸಿದ್ರೆ ಸಾಮಾನ್ಯವಾಗಿ ಸರಿಹೋಗುತ್ತೆ.

ನಂಗನ್ಸೋದು, ಡಿಸ್ಕು ಕೆಟ್ಟು ಕಳ್ಕೊಂಡಿದ್ದಕ್ಕಿಂತ ಅವಸರಕ್ಕೆ ಬಿದ್ದು ಕಳ್ಕೊಂಡ ಫೋಟೊ, ವಿಡಿಯೊನೇ ಜಾಸ್ತಿ ಇರಬೇಕು. ಏನಂತೀರಾ?