ಚೊಚ್ಚಲ ಮೊಟ್ಟೆಯ ತಕರಾರು

"ಅದು ಇನ್ಶೂರೆನ್ಸ್ ಕಣ್ರೀ, ಇನ್ಶೂರೆನ್ಸ್!" ಎಂದರು ಹಿರಿಯರು. ಜುಟ್ಟಿನ ಪೆಂಗ್ವಿನ್ನು ಎರಡು ಮೊಟ್ಟೆ ಇಟ್ಟು ಒಂದೇ ಮರಿ ಸಾಕುವುದೇಕೆ ಅಂತ ನಾನೇನೂ ಕೇಳಿರಲಿಲ್ಲ. ಬೆಂಗಳೂರಿನಿಂದ ಮಗಳ ಮನೆಗೆ ಬಂದಿದ್ದ ಅವರು ರಂಗನತಿಟ್ಟು, ಕೊಕ್ಕರೆ ಬೆಳ್ಳೂರು ಎಲ್ಲ ಅರೆದು ಕುಡಿದವರು. ಹಕ್ಕಿ ಕಂಡರೆ ಸಾಕು, ಅದರ ಹೆಸರು, ಕುಲ, ಗೋತ್ರ ಹೇಳಿಬಿಡುತ್ತಾರೆ. ಮುನ್ರೋ ಬೀಚಿಗೆ ಹೋಗುವ ಕಾಡುದಾರಿಯಲ್ಲಿ ನನ್ನ ಮುಂದೆ ನಡೆಯುತ್ತ, ಹಿಂದಕ್ಕೆ ತಿರುಗದೆ, ತೀರ್ಪು ಕೊಟ್ಟುಬಿಟ್ಟರು. "ಒಂದು ಹೋದರೆ ಇನ್ನೊಂದು ಇರಲಿ ಅಂತ. ಪ್ರಕೃತಿ ಸುಮ್ಮನೆ ಏನನ್ನೂ ಮಾಡೋದಿಲ್ಲ." ನಿವೃತ್ತಿಗೆ ಮುಂಚೆ ವಿಮೆಯ ಕೆಲಸದಲ್ಲಿದ್ದರೇನೋ ಎಂಬ ಗುಮಾನಿ ನನಗೆ ಬಂತು. "ಹೌದೇ ಸಾರ್?" ಎಂದಷ್ಟೇ ಹೇಳಿ ಸುಮ್ಮನಾದೆ. ಆದರೆ ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಾಗಿ ಉಳಿಯಿತು. ಪೆಂಗ್ವಿನ್ ಹುಚ್ಚಿನವರು ಹತ್ತು ಜನ ಸೇರಿದರೆ ಒಂಬತ್ತು ಜನ ಹೇಳುವುದು ಇದನ್ನೇ.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಬದುಕು ಕಟ್ಟಿಕೊಂಡ ಮೇಲೆ ನನಗೆ ಅಂಟಿಕೊಂಡ ಚಟ ಇದು. ಡುನೆಡಿನ್ನಿನಿಂದ ಹಾಸ್ಟ್ ಕಣಿವೆ ದಾಟಿ ಪಶ್ಚಿಮ ಕರಾವಳಿಗೆ ಇಳಿಯುವುದು, ಮೊಯೆರಾಕಿ ಸರೋವರದ ಬಳಿ ಕಾರು ನಿಲ್ಲಿಸಿ ಮುಕ್ಕಾಲು ಗಂಟೆ ಮಳೆಕಾಡಿನಲ್ಲಿ ನಡೆಯುವುದು, ಆಮೇಲೆ ಬಂಡೆಯ ಮರೆಯಲ್ಲಿ ಕೂತು ಕಡಲು ನೋಡುವುದು. ಊರಿನಿಂದ ಫೋನ್ ಮಾಡುವ ಅಕ್ಕ ಪ್ರತಿಸಲ "ಐಸ್ ಜಾಸ್ತಿ ಇದೆಯೇನೋ ಅಲ್ಲಿ? ಸ್ವೆಟರ್ ಹಾಕ್ಕೊಂಡು ಹೋಗು" ಎನ್ನುತ್ತಾಳೆ. ಐಸ್ ಎಲ್ಲಿಂದ ಬರಬೇಕು? ಇದು ಆಗುಂಬೆಗೆ ಸಾಟಿಯಾಗುವ ಮಳೆಕಾಡು. ಜರಿಗಿಡ, ಪಾಚಿ, ಬಿದ್ದ ಮರದ ಬೊಡ್ಡೆ. ಅದರ ಅಡಿಯಲ್ಲಿ ಫಿಯಾರ್ಡ್‌ಲ್ಯಾಂಡ್ ಪೆಂಗ್ವಿನ್ನಿನ ಗೂಡು. ಮಾವೋರಿ ಜನ ಇದನ್ನು ತವಾಕಿ ಎನ್ನುತ್ತಾರೆ. ನನಗೂ ಆ ಹೆಸರೇ ಬಾಯಿಗೆ ಬರುವುದು. ಬೇರೆ ಹಕ್ಕಿಗಳೆಲ್ಲ ವಸಂತಕ್ಕೆ ಕಾಯುವಾಗ ಇದು ನಡುಚಳಿಗಾಲದಲ್ಲಿ, ಜುಲೈ ಕೊನೆಯ ಹೊತ್ತಿಗೆ, ಮೊಟ್ಟೆ ಇಡಲು ಶುರುಮಾಡುತ್ತದೆ.

ಕಾಯುವುದೇ ಇದರ ಸುಖ. ಜೊತೆಗೆ ಸ್ಯಾಂಡ್‌ಫ್ಲೈ ಎಂಬ ಚಿಕ್ಕ ಕರಿ ನೊಣಗಳು. ಅವಕ್ಕೆ ನಾವೇ ಔತಣ. ಕೈಗೆ, ಕುತ್ತಿಗೆಗೆ ಏನು ಬಳಿದುಕೊಂಡರೂ ಕಿವಿಯ ಹಿಂದೆ ಜಾಗ ಹುಡುಕಿಯೇ ಹುಡುಕುತ್ತವೆ. ತುರಿಸಿಕೊಳ್ಳಲು ಕೈ ಎತ್ತಿದ ಗಳಿಗೆಯಲ್ಲೇ ಅಲೆಯೊಂದು ಒಡೆದು, ನೊರೆಯ ನಡುವೆ ಹೊಟ್ಟೆಯ ಮೇಲೆ ಜಾರಿಬಂದ ಹಕ್ಕಿ ತಟ್ಟನೆ ಎದ್ದು ನಿಲ್ಲುತ್ತದೆ. ಮೊದಲು ತಲೆ ಕೊಡವುತ್ತದೆ. ಕೊಕ್ಕಿನ ತುದಿಯಿಂದ ಉಪ್ಪುನೀರಿನ ಹನಿ ಹಾರುತ್ತದೆ. ಎರಡೂ ರೆಕ್ಕೆಗಳನ್ನು ಹಿಂದಕ್ಕೆ ಚಾಚಿ, ಬೆನ್ನು ಬಗ್ಗಿಸಿ, ಅತ್ತಿತ್ತ ನೋಡಿ, ಬಂಡೆಯಿಂದ ಬಂಡೆಗೆ ಕುಪ್ಪಳಿಸುತ್ತದೆ. ಮಳೆಗಾಲದಲ್ಲಿ ಪಂಚೆ ಎತ್ತಿಕಟ್ಟಿ ಕೆಸರು ದಾಟುವ ಹಳೇ ಶಾನುಭೋಗರ ಹಾಗೆ, ಅವಸರ ಇದ್ದರೂ ಗತ್ತು ಬಿಡದ ನಡಿಗೆ. ಕಾಡಿನ ಅಂಚಿನಲ್ಲಿ ನಿಂತು ಒಂದಿಷ್ಟು ಗರಿ ತಿದ್ದಿಕೊಂಡು, ಪೊದೆಯೊಳಗೆ ಮಾಯ. ಎಲ್ಲ ಸೇರಿ ನಾಲ್ಕೈದು ನಿಮಿಷದ ಆಟ. ಅದಕ್ಕಾಗಿ ಮಧ್ಯಾಹ್ನವೆಲ್ಲ ಕೂತಿರಬೇಕು.

ಈ ನಾಲ್ಕೈದು ನಿಮಿಷದಲ್ಲಿ ಏನು ನೋಡಬೇಕು ಎಂಬುದರಲ್ಲೇ ನನಗೂ ಮಿಕ್ಕವರಿಗೂ ಜಗಳ. ಎಲ್ಲರ ಕಣ್ಣೂ ಜುಟ್ಟಿನ ಮೇಲೆ. ಹಳದಿ ಜುಟ್ಟು ಕಂಡಿತೋ, ಕ್ಯಾಮೆರಾ ಕಟಕಟ. ಸ್ವಾಮಿ, ಜುಟ್ಟಿನಷ್ಟು ಮೋಸ ಮಾಡುವ ಅಂಗ ಇನ್ನೊಂದಿಲ್ಲ. ನೀರಿನಿಂದ ಆಗತಾನೆ ಎದ್ದ ಹಕ್ಕಿಯ ಜುಟ್ಟು ನೆಂದು ತಲೆಗೆ ಅಂಟಿರುತ್ತದೆ. ತವಾಕಿಯೂ ಒಂದೇ, ಸ್ನೇರ್ಸ್ ದ್ವೀಪದ್ದೂ ಒಂದೇ. ನೋಡಬೇಕಾದ್ದು ಕೊಕ್ಕಿನ ಬುಡ. ಅಲ್ಲಿ ಗುಲಾಬಿ ಬಣ್ಣದ ಬೋಳು ಚರ್ಮ ತ್ರಿಕೋನವಾಗಿ ಕಂಡರೆ ಅದು ಸ್ನೇರ್ಸ್. ಕರಿ ಗರಿ ನೇರ ಕೊಕ್ಕಿನವರೆಗೂ ಬಂದಿದ್ದರೆ ತವಾಕಿ. ಇನ್ನೂ ಅನುಮಾನವೇ? ಕೆನ್ನೆ ನೋಡಿ. ತವಾಕಿಯ ಕೆನ್ನೆಗರಿ ಸ್ವಲ್ಪ ಬಿಚ್ಚಿಕೊಂಡಾಗ ಬಿಳಿ ಗೀರುಗಳು ನಾಲ್ಕೈದು ಕಾಣುತ್ತವೆ. ಜುಟ್ಟೇ ಬೇಕು ಎನ್ನುವವರಿಗೆ ಒಂದು ಮಾತು: ಅದರ ಬಣ್ಣ ಬಿಡಿ, ಅದು ಎಲ್ಲಿ ಶುರುವಾಗುತ್ತದೆ ನೋಡಿ. ಮ್ಯಾಕರೋನಿ ಮತ್ತು ರಾಯಲ್ ಜಾತಿಗಳಲ್ಲಿ ಎರಡು ಕಡೆಯ ಜುಟ್ಟು ಹಣೆಯ ಮೇಲೆ ಕೂಡುತ್ತದೆ. ಮಿಕ್ಕವುಗಳಲ್ಲಿ ಎಡಬಲ ಬೇರೆ ಬೇರೆ. ಆಂಟಿಪೋಡೀಸ್ ಮತ್ತು ಬೌಂಟಿ ದ್ವೀಪಗಳಲ್ಲಿ ಮರಿಮಾಡುವ ನೆಟ್ಟಜುಟ್ಟಿನ ಪೆಂಗ್ವಿನ್ ಮಾತ್ರ ಒಣಗಿದ ಮೇಲೆ ಜುಟ್ಟನ್ನು ಬ್ರಷ್ಷಿನಂತೆ ನೆಟ್ಟಗೆ ನಿಲ್ಲಿಸಬಲ್ಲದು, ಬೇಕೆಂದಾಗ ಇಳಿಸಲೂ ಬಲ್ಲದು. ಇದನ್ನೆಲ್ಲ ವಿವರಿಸಿದಾಗ ಕ್ಯಾಮೆರಾದವರು ನಕ್ಕು, "ಫೋಟೋ ಚೆನ್ನಾಗಿ ಬಂದರೆ ಸಾಕಲ್ಲ ಸಾರ್, ಜಾತಿ ಯಾವುದಾದರೇನು?" ಎನ್ನುತ್ತಾರೆ. ಮನುಷ್ಯರ ವಿಷಯದಲ್ಲಿ ಈ ಮಾತು ಹೇಳಿದ್ದರೆ ಕೈ ಮುಗಿಯುತ್ತಿದ್ದೆ.

ಫೋಟೋ ತೆಗೆಯಲಿ, ಬೇಡ ಎನ್ನುವುದಿಲ್ಲ. ಆದರೆ ತೆಗೆಯಲು ನಿಲ್ಲುವುದೆಲ್ಲಿ? ಕಡಲಿಗೂ ಕಾಡಿಗೂ ನಡುವೆ, ಮರಳಿನ ಮಧ್ಯೆ, ಮುಕ್ಕಾಲಿ ಊರಿಕೊಂಡು, ಕೆಂಪು ಜಾಕೆಟ್ ಹಾಕಿಕೊಂಡು! ಹಕ್ಕಿ ಅಲೆಯ ಆಚೆ ತಲೆ ಎತ್ತಿ ನೋಡುತ್ತದೆ, ಮುಳುಗುತ್ತದೆ, ಮತ್ತೆ ನೋಡುತ್ತದೆ, ವಾಪಸ್ ಹೋಗುತ್ತದೆ. "ಇವತ್ತು ಯಾಕೋ ಬರಲೇ ಇಲ್ಲ" ಎಂದು ಇವರು ಬೇಸರಪಡುತ್ತಾರೆ. ಮರಿ ಹೊರಬಂದ ಮೊದಲ ಮೂರು ವಾರ ಗಂಡು ಉಪವಾಸವಿದ್ದು ಗೂಡು ಕಾಯುತ್ತದೆ. ಕಡಲಿಗೆ ಹೋಗಿ ಊಟ ತರುವವಳು ಹೆಣ್ಣೊಂದೇ. ಅವಳನ್ನು ದಡದಲ್ಲಿ ತಡೆದರೆ ಒಳಗೆ ಎರಡು ಹೊಟ್ಟೆಗಳು ಕಾಯುತ್ತಿರುತ್ತವೆ, ಒಂದು ಮುಷ್ಟಿಗಾತ್ರದ್ದು. ಒಮ್ಮೆ ಹೀಗೆ ನಿಂತವರೊಬ್ಬರಿಗೆ ವಿನಯದಿಂದಲೇ ಹೇಳಿದೆ. ಅವರು ಲೆನ್ಸಿನ ಬೆಲೆ ಹೇಳಿದರು.

ಇವರಿಗಿಂತ ಅಪಾಯದವರು ಕರುಣಾಮಯಿಗಳು. ಬೇಸಿಗೆಯ ಕೊನೆಗೆ ನಮ್ಮ ಒಟಾಗೋ ಕಡೆಯ ಬೀಚುಗಳಲ್ಲಿ ಅಪರೂಪಕ್ಕೊಂದು ಜುಟ್ಟಿನ ಪೆಂಗ್ವಿನ್ ಗರಿ ಉದುರಿಸಲು ದಡ ಹತ್ತಿ ನಿಂತಿರುತ್ತದೆ. ಮೈಯೆಲ್ಲ ಹರಿದ ಹಾಸಿಗೆ, ಕಣ್ಣು ಅರೆಮುಚ್ಚಿ, ವಾರಗಟ್ಟಲೆ ಒಂದೇ ಜಾಗ. ಹೊಸ ಗರಿ ಪೂರ್ತಿ ಬರುವ ತನಕ ಮೈಗೆ ನೀರು ತಡೆಯುವ ಶಕ್ತಿ ಇರುವುದಿಲ್ಲ, ಆದ್ದರಿಂದಲೇ ಉಪವಾಸ ನಿಂತಿರುತ್ತದೆ. ಅದನ್ನು ಕಂಡು "ಅಯ್ಯೋ ಪಾಪ, ಕಾಯಿಲೆ" ಎಂದು ಟವೆಲ್ಲಿನಲ್ಲಿ ಸುತ್ತಿ ಕಡಲಿಗೆ ಬಿಡುವ ಪುಣ್ಯಾತ್ಮರಿದ್ದಾರೆ. ಇಂಥ ದಯೆಗೆ ಏನು ಹೇಳುವುದು? ನಾಯಿ ಬಿಟ್ಟು ಓಡಿಸುವವನನ್ನು ಬೈಯಬಹುದು; ಟವೆಲ್ ಹಿಡಿದವರನ್ನು ಬೈಯಲು ಬಾಯೇ ಬರುವುದಿಲ್ಲ. ನನಗೆ ಬರುತ್ತದೆ.

ಇರಲಿ, ಮೊಟ್ಟೆಯ ವಿಷಯಕ್ಕೆ ಬರೋಣ. ಚೊಚ್ಚಲು ಎಂದರೆ ನಮ್ಮಲ್ಲಿ ಎಷ್ಟು ಸಡಗರ! ಸೀಮಂತ, ಹಸಿರು ಬಳೆ, ತವರಿನ ಬಾಣಂತನ. ಜುಟ್ಟಿನ ಪೆಂಗ್ವಿನ್ನುಗಳಲ್ಲಿ ಎಲ್ಲ ತಲೆಕೆಳಗು. ಮೊದಲು ಇಟ್ಟ ಮೊಟ್ಟೆ ಚಿಕ್ಕದು. ನಾಲ್ಕೈದು ದಿನದ ಮೇಲೆ ಬರುವ ಎರಡನೆಯದು ದೊಡ್ಡದು. ತವಾಕಿಯಲ್ಲಿ ವ್ಯತ್ಯಾಸ ಐದನೇ ಒಂದು ಪಾಲಿನಷ್ಟು, ಅಂಥ ಹೆಚ್ಚೇನಲ್ಲ. ನೆಟ್ಟಜುಟ್ಟಿನದರಲ್ಲಿ ಎರಡನೇ ಮೊಟ್ಟೆ ಮೊದಲನೆಯದಕ್ಕಿಂತ ಸರಾಸರಿ ಶೇ. 85ರಷ್ಟು ದೊಡ್ಡದು, ಹಕ್ಕಿಲೋಕದಲ್ಲೇ ಇಷ್ಟು ಅಂತರ ಇನ್ನೆಲ್ಲೂ ಇಲ್ಲ. ಎರಡೂ ಮೊಟ್ಟೆ ಉಳಿದ ಕಡೆಯೂ ಎರಡನೆಯದೇ ಮೊದಲು ಒಡೆಯುತ್ತದೆ, ಏಕೆಂದರೆ ಎರಡನೆಯದು ಬರುವ ತನಕ ತಾಯಿ ಸರಿಯಾಗಿ ಕಾವೇ ಕೂರುವುದಿಲ್ಲ. ಚೊಚ್ಚಲ ಮರಿ ಹೊರಬರುವ ಹೊತ್ತಿಗೆ ತಮ್ಮನೋ ತಂಗಿಯೋ ಆಗಲೇ ಉಂಡು ಮಲಗಿರುತ್ತದೆ. ಕೆಲವು ಹದ್ದುಗಳಲ್ಲಾದರೆ ದೊಡ್ಡದು ಚಿಕ್ಕದನ್ನು ಕುಕ್ಕಿ ಕೊಲ್ಲುತ್ತದೆ. ಇಲ್ಲಿ ಹೊಡೆದಾಟವೂ ಇಲ್ಲ. ಊಟ ಸಿಗದೆ ಸೊರಗಿ ಹೋಗುತ್ತದೆ, ಅಷ್ಟೇ.

ಈಗ ಹಿರಿಯರ ವಿಮೆ. ಒಟಾಗೋ ವಿಶ್ವವಿದ್ಯಾಲಯದ ಲಾಯ್ಡ್ ಸ್ಪೆನ್ಸರ್ ಡೇವಿಸ್ ಮತ್ತು ಸಂಗಡಿಗರು 1998ರಲ್ಲಿ ಆಂಟಿಪೋಡೀಸ್ ದ್ವೀಪದಲ್ಲಿ ನೆಟ್ಟಜುಟ್ಟಿನ ಪೆಂಗ್ವಿನ್ನುಗಳ ಗೂಡುಗಳ ಪಕ್ಕ ಕೂತು ಬರೆದುಕೊಂಡರು. ಅದು ಅಚ್ಚಾಗಿದ್ದು 2022ರಲ್ಲಿ. ಆ ದ್ವೀಪಕ್ಕೆ ಹೋಗುವುದೇ ಒಂದು ಸಾಹಸ, ಅದಾದ ಮೇಲೆ ಅಷ್ಟು ಪಟ್ಟಾಗಿ ಕೂತವರೂ ಕಡಿಮೆ. ಅವರು ಕಂಡದ್ದು: ಚೊಚ್ಚಲ ಮೊಟ್ಟೆ ಬಹುತೇಕ ಗೂಡುಗಳಲ್ಲಿ ಎರಡನೆಯದು ಬರುವ ಮುಂಚೆಯೇ, ಅಥವಾ ಬಂದ ದಿನವೇ, ಹಾಳಾಗಿರುತ್ತದೆ. ಮ್ಯಾಕ್ವಾರಿ ದ್ವೀಪದ ರಾಯಲ್ ಪೆಂಗ್ವಿನ್ ತಾಯಂದಿರು ಚೊಚ್ಚಲ ಮೊಟ್ಟೆಯನ್ನು ತಾವೇ ಗೂಡಿನಿಂದ ಹೊರಗೆ ತಳ್ಳುವುದನ್ನು ಕಂಡು 1995ರಲ್ಲೇ ವರದಿ ಮಾಡಿದ್ದಾರೆ. ಈಗ ಹೇಳಿ ಸಾರ್, ಕಾಪಾಡಬೇಕಾದ ವಸ್ತು ಮನೆಗೆ ಬರುವ ಮುಂಚೆಯೇ ಪಾಲಿಸಿ ಹರಿದು ಬಿಸಾಡಿದರೆ ಅದೆಂಥ ವಿಮೆ? ಕಂತು ಕಟ್ಟಿದ್ದಂತೂ ಹೌದು.

ರಾಕ್‌ಹಾಪರ್ ಎಂಬ ಇನ್ನೊಂದು ಜುಟ್ಟಿನ ಪೆಂಗ್ವಿನ್ ಮತ್ತು ತವಾಕಿಗಳ ವಿಷಯದಲ್ಲಿ ವಿಮೆಯ ಮಾತಿಗೆ ಒಂದಿಷ್ಟು ಜಾಗ ಬಿಡಬಹುದು, ಅವು ಎರಡೂ ಮೊಟ್ಟೆಯ ಮೇಲೆ ಕೂರುತ್ತವೆ. ಆದರೆ ಇಡೀ ಕುಲಕ್ಕೆ ಒಂದೇ ಪಾಲಿಸಿ ಹಂಚುವುದು ಸರಿಯಲ್ಲ. ನನಗೆ ಹಿಡಿಸುವ ವಿವರಣೆ ಬೇರೆ. ಈ ಹಕ್ಕಿಗಳ ಪೂರ್ವಜರು ದಡದ ಹತ್ತಿರವೇ ಮೀನು ಹಿಡಿದು ಎರಡು ಮರಿ ಸಾಕುತ್ತಿದ್ದಿರಬೇಕು. ದೂರದ ಕಡಲಿಗೆ ಹೋಗಿ ಉಣ್ಣುವ ಬದುಕಿಗೆ ಬಿದ್ದ ಮೇಲೆ ಎರಡನ್ನು ಸಾಕುವುದು ಆಗದಾಯಿತು. ಮರಿ ಒಂದಕ್ಕೆ ಇಳಿಯಿತು, ಮೊಟ್ಟೆ ಇಳಿಯಲಿಲ್ಲ. ಸರಿ, ಚಿಕ್ಕದಾದದ್ದು ಮೊದಲನೆಯದೇ ಏಕೆ? ದಕ್ಷಿಣ ಜಾರ್ಜಿಯಾ ಬಳಿಯ ಬರ್ಡ್ ದ್ವೀಪದ ಮ್ಯಾಕರೋನಿಗಳ ಮೇಲೆ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಳ್ಳೆಯ ಸುಳಿವು ಕೊಡುತ್ತದೆ. ಹೆಣ್ಣು ಇನ್ನೂ ಕಡಲಲ್ಲಿ ಈಜಿ ಬರುತ್ತಿರುವಾಗಲೇ ಚೊಚ್ಚಲ ಮೊಟ್ಟೆಯ ಹಳದಿ ಕಟ್ಟಲು ಶುರುವಾಗಿರುತ್ತದೆ. ಒಂದು ಕಡೆ ಸಾವಿರಾರು ಮೈಲಿಯ ಈಜು, ಇನ್ನೊಂದು ಕಡೆ ಮೊಟ್ಟೆ. ದೇಹ ಎರಡಕ್ಕೂ ಒಗ್ಗುವುದಿಲ್ಲ. ದಡ ಸೇರಿ ಬೇಗ ಮೊಟ್ಟೆ ಇಟ್ಟ ಹೆಣ್ಣುಗಳಲ್ಲೇ ಎರಡರ ನಡುವಿನ ಅಂತರವೂ ಹೆಚ್ಚು. ಹಾಗಾಗಿ ಚೊಚ್ಚಲು ಪ್ರಯಾಣದ ಕೂಸು, ಎರಡನೆಯದು ಮನೆಯ ಕೂಸು.

ಇದನ್ನು ಒಪ್ಪಲು ಹಕ್ಕಿಪ್ರಿಯರಿಗೆ ಏಕೋ ಸಂಕಟ. ಎಲ್ಲದಕ್ಕೂ ಉಪಯೋಗ ಇರಲೇಬೇಕು ಅವರಿಗೆ. ತಾತನ ಕಾಲದ ಅಭ್ಯಾಸವೊಂದು ಬಿಡಲಾಗದೆ ಉಳಿದಿದೆ ಎಂದರೆ ಹಕ್ಕಿಗೇ ಅವಮಾನ ಮಾಡಿದಂತೆ ಮುಖ ಸಿಂಡರಿಸುತ್ತಾರೆ. ತವಾಕಿಯ ಇನ್ನೊಂದು ಹುಚ್ಚಾಟ ನೋಡಿ. ಮರಿ ಕಡಲಿಗಿಳಿದ ಮೇಲೆ, ಡಿಸೆಂಬರಿನಲ್ಲಿ, ಗರಿ ಉದುರಿಸುವ ಮುಂಚೆ ಮೈ ತುಂಬಿಕೊಳ್ಳಲು ಹೊರಡುತ್ತದೆ. ಥಾಮಸ್ ಮ್ಯಾಟರ್ನ್ ಮತ್ತು ತಂಡದವರು ಉಪಗ್ರಹದ ಮೂಲಕ ಬೆನ್ನುಹತ್ತಿ 2018ರಲ್ಲಿ ಪ್ರಕಟಿಸಿದ ಪ್ರಕಾರ, ಎಂಟು ಹತ್ತು ವಾರದಲ್ಲಿ 6,800 ಕಿಲೋಮೀಟರ್ ತನಕ ಸುತ್ತಿಬಂದ ಹಕ್ಕಿಯಿದೆ. ಊರ ಮುಂದಿನ ಕಡಲಲ್ಲಿ ಆಗ ಊಟಕ್ಕೇನೂ ಬರವಿಲ್ಲ. ಆದರೂ ನೈಋತ್ಯಕ್ಕೆ ಮುಖಮಾಡಿ ಹೊರಟೇ ಬಿಡುತ್ತದೆ. ಜುಟ್ಟಿನ ಕುಲದ ಪೂರ್ವಜರಿಂದ ಬಂದ ಚಾಳಿ ಇರಬಹುದು ಎನ್ನುತ್ತಾರೆ ಅವರು. ನನಗಂತೂ ಇದನ್ನು ಓದಿದ ದಿನ ಹಬ್ಬ.

ಹಾಗೆಂದು ತವಾಕಿಯ ಚೊಚ್ಚಲ ಮೊಟ್ಟೆ ಪೂರ್ತಿ ದಂಡ ಎಂದುಕೊಳ್ಳಬೇಡಿ. ಮಿಲ್ಫರ್ಡ್ ಸೌಂಡಿನ ಆಳವಾದ, ಅಲೆಯಿಲ್ಲದ ನೀರಿನ ಪಕ್ಕದಲ್ಲಿ ಗೂಡು ಕಟ್ಟುವ ತವಾಕಿಗಳು ಎರಡೂ ಮರಿಗಳನ್ನು ಸಾಕಿ ದೊಡ್ಡದು ಮಾಡುವುದನ್ನು ಮ್ಯಾಟರ್ನ್ ಅವರ ತವಾಕಿ ಯೋಜನೆಯವರು ಕಂಡಿದ್ದಾರೆ. ಊಟ ಬಾಗಿಲಲ್ಲೇ ಇದ್ದರೆ ಹಳೇ ಲೆಕ್ಕ ಮತ್ತೆ ಹೊಂದಿಕೊಳ್ಳುತ್ತದೆ. 2015ರ ಎಲ್ ನಿನ್ಯೋ ವರ್ಷದಲ್ಲಿ ತೆರೆದ ಕಡಲಿನ ಜ್ಯಾಕ್ಸನ್ ಹೆಡ್ಡಿನಲ್ಲಿ ಮರಿಗಳು ಉಳಿಯುವುದೇ ಕಷ್ಟವಾದಾಗ ಮಿಲ್ಫರ್ಡಿನವು ಚೆನ್ನಾಗಿಯೇ ಬೆಳೆದವು. ಚಾಥಮ್ ದ್ವೀಪಗಳ ಜುಟ್ಟಿನ ಪೆಂಗ್ವಿನ್ನಿಗೆ ಆ ಅದೃಷ್ಟವೂ ಇರಲಿಲ್ಲ. ಮನುಷ್ಯರು ಕಾಲಿಟ್ಟ ಮೇಲೆ ಅಳಿದುಹೋದ ಆ ಜಾತಿಗೆ 2019ರಲ್ಲಿ, ಬರೀ ಮೂಳೆ ನೋಡಿ, ಹೆಸರಿಟ್ಟರು. ಅದರ ಎರಡು ಮೊಟ್ಟೆಗಳನ್ನು ತೂಗಿ ನೋಡುವ ಭಾಗ್ಯ ಇನ್ನು ಯಾರಿಗೂ ಇಲ್ಲ. ತವಾಕಿಯ ಮರಿಗಳಿಗೆ ಈಗ ಸ್ಟೋಟ್ ಎಂಬ ಮುಂಗುಸಿಯಂಥ ಪ್ರಾಣಿಯ ಕಾಟ; ಅದನ್ನೂ ಹಡಗಿನಲ್ಲಿ ತಂದು ಬಿಟ್ಟವರು ನಾವೇ, ಮನುಷ್ಯರೇ.

ಈ ಕಡೆ ಬರುವವರು ಆಗಸ್ಟಿನಿಂದ ನವೆಂಬರಿನ ಒಳಗೆ ಬನ್ನಿ. ಡಿಸೆಂಬರ್ ನಡುವಿನ ಹೊತ್ತಿಗೆ ಹಕ್ಕಿಗಳು ಹೊರಟಿರುತ್ತವೆ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಮರಳಿನ ನಡುವೆ ನಿಲ್ಲಬೇಡಿ, ಕಾಡಿನ ಅಂಚಿನ ಬಂಡೆಗೆ ಒರಗಿ ಕೂತುಕೊಳ್ಳಿ, ಹಕ್ಕಿ ನಡೆಯುವ ದಾರಿ ಬಿಡಿ. ಮಂಕಾಗಿ ನಿಂತ ಪೆಂಗ್ವಿನ್ ಕಂಡರೆ ಮುಟ್ಟದೆ, ಸಂರಕ್ಷಣಾ ಇಲಾಖೆಗೆ ಫೋನ್ ಮಾಡಿ. ಟವೆಲ್ ಕಾರಿನಲ್ಲೇ ಇರಲಿ.