ದೂತನಿಗೆ ಹೊಟ್ಟೆನೋವು

ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ದೂತನಿಗಿರುವುದು ಒಂದೇ ಮಾತು. ಅದನ್ನೂ ಮರೆತು ತೊದಲುವವನನ್ನು ಕಂಡು ರಾಜ ನಕ್ಕರೆ ಇಡೀ ಆಸ್ಥಾನವೇ ನಗುತ್ತದೆ. ಮರುದಿನ ದೂತ ತಾಲೀಮಿಗೆ ಗೈರುಹಾಜರು, ಹೊಟ್ಟೆನೋವಂತೆ. ಮನೆಯವರು ನಂಬಿ ಕಷಾಯ ಕುಡಿಸುತ್ತಾರೆ, ಪಾಪ!

1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದ ಬಿ.ವಿ. ಕಾರಂತರು ಬಾಲಕನಾಗಿ ಗುಬ್ಬಿ ಕಂಪನಿ ಸೇರಿದಾಗ ಮಾಡಿದ್ದೂ ಸಣ್ಣಪುಟ್ಟ ಪಾತ್ರಗಳನ್ನೇ. ಅಂಥವರನ್ನು ಯಾರಾದರೂ ನಗೆಯಾಡಿ ಓಡಿಸಿಬಿಟ್ಟಿದ್ದರೆ?

ತಿದ್ದುವುದು ನಿರ್ದೇಶಕರ ಕೆಲಸ, ಜೊತೆಗಾರನದಲ್ಲ. ಎದುರಿನವನು ಮಾತು ಮರೆತಾಗ ರಾಜ ತನ್ನ ಹಿಂದಿನ ಮಾತನ್ನೇ ಮತ್ತೊಮ್ಮೆ ನಿಧಾನವಾಗಿ ಹೇಳಿ ನೋಡಲಿ. ಆ ಮಾತಿನ ಬಾಲ ಹಿಡಿದೇ ಮುಂದಿನದನ್ನು ಬಾಯಿಪಾಠ ಮಾಡಿರುವುದರಿಂದ ಮರೆತದ್ದು ಬಹುಮಟ್ಟಿಗೆ ನೆನಪಾಗುತ್ತದೆ. ತನ್ನ ಸರದಿ ಇಲ್ಲದಾಗ ಹರಟದೆ ಕುಳಿತು ನೋಡುವುದೂ ಅಭಿನಯದ ಪಾಠವೇ.

ತಾಯ್ತಂದೆಯರೂ ಅಷ್ಟೆ, "ಬರೀ ದೂತನಾ?" ಎಂದು ಕೇಳುವುದನ್ನು ಬಿಟ್ಟು, ಆ ಒಂದು ಮಾತನ್ನು ಊಟದ ಹೊತ್ತಿಗೆ ಹೇಳಿಸಿ ಕೇಳಬಹುದು.