ಹೊಡೆದಾಡದ ಪೂಜಾರಿಗೂ ಒಂದು ಪದ

ದೊಡ್ಡಾಟದಾಗ ಯಾರ ವೇಷಕ್ಕ ಸೀಟಿ ಬೀಳ್ತಾವ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು, ಕತ್ತಿ ಹಿರಿದು, ಅಟ್ಟದ ಹಲಗಿ ಮುರಿಯುವಂಗ ಕುಣಿಯುವವನಿಗೆ. ನಾನು ನಲವತ್ತು ವರ್ಷ ಹಿಮ್ಮೇಳದಾಗ ನಿಂತು ತಾಳ ಹಿಡಿದು ಹಾಡಿದವನು. ಒಮ್ಮೆಯೂ ಕತ್ತಿ ಹಿಡಿದಿಲ್ಲ. ಹಂಗಾಗಿ ಹೊಡೆದಾಡದವನಿಗೆ ಆಟದಾಗ ಎಷ್ಟು ಜಾಗ ಅನ್ನುವುದು ನನಗೆ ಹಳೆಯ ಪ್ರಶ್ನೆ. ಅದನ್ನು ಬರೆಯಲಿಕ್ಕೆ ಸಿಕ್ಕ ಕಾರಣ ಮಾತ್ರ ಹೊಸದು.

ನನ್ನ ಮಗಳ ಮಗ ಪುಣೆದಾಗ ಕಲಿಯುತ್ತಾನ. ಅಲ್ಲಿ ಆರು ಮಂದಿ ಗೆಳೆಯರು ಆದಿತವಾರ ಮೇಜಿನ ಸುತ್ತ ಕೂತು ಒಂದು ಆಟ ಆಡ್ತಾರ. ಅದರ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕಾದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು 1974ರಲ್ಲಿ ಹೊರಗೆ ತಂದದ್ದು. ಅದರಾಗ ವೇಷ ಇಲ್ಲ, ಅಟ್ಟ ಇಲ್ಲ. ಒಬ್ಬ ನಮ್ಮ ಭಾಗವತನಂಗ ಕಥೆ ನಡೆಸ್ತಾನ. ಉಳಿದವರು ಒಂದೊಂದು ಪಾತ್ರ ಹಿಡಿದು, ಅದು ಏನು ಮಾಡ್ತದ, ಏನು ಆಡ್ತದ ಅಂತ ಬಾಯಿಂದ ಹೇಳ್ತಾರ. ಏಟು ತಗಲಿತೋ ಇಲ್ಲೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನ ಮಾಡ್ತದ.

ಮೊದಲ ಪುಸ್ತಕದಾಗ ಪಾತ್ರ ಮೂರೇ ತರಹ ಇದ್ದವು: ಕಾದಾಡುವವ, ಮಂತ್ರವಾದಿ, ಮತ್ತ ಕ್ಲೆರಿಕ್, ಅಂದ್ರ ಪೂಜಾರಿ. ಈ ಪೂಜಾರಿ ಗಾಯ ಮಾಯಿಸ್ತಾನ, ಪ್ರೇತ ಓಡಿಸ್ತಾನ. ಆದರ ಅವನೂ ಕವಚ ತೊಟ್ಟವನೇ. ಹಳೆಯ ನಿಯಮದಾಗ ಅವನಿಗೆ ಅಲಗಿನ ಆಯುಧ ಬೇಡ ಅಂದರು, ಗದೆ ಕೊಟ್ಟರು.

ನನ್ನ ಮೊಮ್ಮಗನಿಗೆ ಆ ಗದೆಯೂ ಬೇಡವಾಗಿತ್ತು. ಯಾರನ್ನೂ ಹೊಡೆಯದ ಪೂಜಾರಿ ಮಾಡ್ತೀನಿ ಅಂದನಂತ. ಗೆಳೆಯರು ನಕ್ಕು, "ಉಣ್ಣಲಿಕ್ಕೆ ಐದು ಮಂದಿ, ದುಡಿಯಲಿಕ್ಕೆ ನಾಲ್ಕೇ ಮಂದಿ ಆಗ್ತೀವಿ" ಅಂದರಂತ. ಫೋನ್ ಹಚ್ಚಿ ಕೇಳಿದ: "ಅಜ್ಜಾ, ಹೊಡೆಯದವ ಮೇಳಕ್ಕ ಭಾರ ಏನು?"

ಆ ಮಾತು ನನಗೂ ನಾಟಿತು.

"ಧೌಮ್ಯ ಗೊತ್ತೇನು ತಮ್ಮಾ?" ಅಂದೆ. ಗೊತ್ತಿರಲಿಲ್ಲ. ನಮ್ಮ ಆಟದಾಗೂ ಅವನ ವೇಷ ನಾ ಕಂಡಿಲ್ಲ. ಧೌಮ್ಯ ಪಾಂಡವರ ಪುರೋಹಿತ. ದ್ರೋಣ, ಕೃಪ, ಅಶ್ವತ್ಥಾಮ ಬ್ರಾಹ್ಮಣರಾದರೂ ಬಿಲ್ಲು ಹಿಡಿದು ಕಾದಿದರು. ಧೌಮ್ಯ ಆ ದಾರಿ ಹಿಡಿಯಲಿಲ್ಲ. ಆದರ ವನವಾಸಕ್ಕ ಹೊಂಟಾಗ ಮುಂದ ದರ್ಭೆ ಹಿಡಿದು ಯಮನ ಸಾಮ ಹಾಡಿಕೋತ ನಡೆದವ ಅವನೇ. ನಾಳೆ ಕೌರವರು ಸತ್ತಾಗ ಅವರ ಪುರೋಹಿತರು ಹಾಡಬೇಕಾದ್ದನ್ನು ಇವತ್ತೇ ಹಾಡ್ಯಾನ ಅಂತ ವಿದುರ ಧೃತರಾಷ್ಟ್ರನಿಗೆ ಬಿಡಿಸಿ ಹೇಳ್ತಾನ. ಕಾಡಿಗೆ ಬೆನ್ನು ಹತ್ತಿ ಬಂದವರಿಗೆ ಏನು ಉಣಿಸಲಿ ಅಂತ ಧರ್ಮರಾಯ ಚಿಂತಿ ಮಾಡಿದಾಗ ಧೌಮ್ಯ ಸೂರ್ಯನ ನೂರೆಂಟು ಹೆಸರು ಕಲಿಸಿದ, ಅಕ್ಷಯಪಾತ್ರೆ ಬಂತು. ಅಜ್ಞಾತವಾಸಕ್ಕ ಹೋಗುವಾಗ ಅರಮನಿಯಾಗ ಚಾಕರಿ ಹೆಂಗ ಮಾಡಬೇಕು ಅಂತ ಬುದ್ಧಿ ಹೇಳಿದ. ಅವರ ಅಗ್ನಿಹೋತ್ರದ ಬೆಂಕಿ ತಗೊಂಡು ಪಾಂಚಾಲಕ್ಕ ಹೋದ. ಹಾಡಿದ, ಉಣ್ಣುವ ದಾರಿ ತೋರಿಸಿದ, ಬುದ್ಧಿ ಹೇಳಿದ, ಬೆಂಕಿ ಕಾಯ್ದ. ಇವನಿಗೆ ಭಾರ ಅನ್ನೋರು ಯಾರು?

ಆಮೇಲೆ ಅಜ್ಜ ಮೊಮ್ಮಗ ಕೂಡಿ ಪಾತ್ರ ಕಟ್ಟಿದೆವು. ನಾ ಹೇಳಿದ್ದು ನಾಲ್ಕು ಮಾತು.

ಮೊದಲನೇದು, ಯಾಕ ಹೊಡೆಯೋದಿಲ್ಲ ಅನ್ನೋದು ಗಟ್ಟಿ ಇರಬೇಕು. ಅಂಜಿ ಹೊಡೆಯದವ ಬ್ಯಾರೆ, ನೇಮ ಹಿಡಿದು ಹೊಡೆಯದವ ಬ್ಯಾರೆ. ಕುಮಾರವ್ಯಾಸನ ಭಾರತದಾಗ ದುರ್ಯೋಧನ ಹೀಯಾಳಿಸಿದಾಗ ವಿದುರ ತನ್ನ ಬಿಲ್ಲು ಮುರಿದ. ಬಿಲ್ಲು ಇದ್ದವ ಮುರಿದದ್ದಕ್ಕ ಆ ಮುರಿತಕ್ಕ ಬೆಲೆ ಬಂತು.

ಎರಡನೇದು, ಜಗಳದಾಗ ಅವನಿಗೆ ಕೆಲಸ ಇರಬೇಕು. ಆಟದ ಪುಸ್ತಕದಾಗ 'ಸ್ಯಾಂಕ್ಚುಅರಿ' ಅಂತ ಒಂದು ಮಂತ್ರ ಅದ ಅಂತ ಹುಡುಗ ಓದಿ ಹೇಳಿದ. ಅದರ ಕಾವಲಿದ್ದವನನ್ನು ಹೊಡೆಯಬೇಕಂದ್ರ ವೈರಿ ಮೊದಲು ದಾಳ ಹಾಕಿ ಗೆಲ್ಲಬೇಕು. ಆದರ ಕಾವಲಿದ್ದವ ತಾನೇ ಕೈ ಎತ್ತಿದರ ಮಂತ್ರ ಹರಿದುಹೋಗ್ತದ. ಕೇಳಿ ಖುಷಿ ಆತು. ಆಟದ ನಿಯಮದಾಗೇ ವ್ರತದ ನೇಮ ಅದ! 'ಬ್ಲೆಸ್' ಅನ್ನುವ ಇನ್ನೊಂದು ಮಂತ್ರ ಮೂರು ಮಂದಿ ದಾಳಕ್ಕ ನಾಲ್ಕು ಮುಖದ ಸಣ್ಣ ದಾಳ ಕೂಡಿಸಿ ಕೊಡ್ತದಂತ. ಅದು ನಮ್ಮ ಹಿಮ್ಮೇಳದ ಕೆಲಸ ನೋಡ್ರಿ. ತಾಳ ತಪ್ಪಿದರ ಭೀಮನೂ ಮುಗ್ಗರಿಸ್ತಾನ.

ಮೂರನೇದು, ನೇಮ ಅವನನ್ನು ಚುಚ್ಚಬೇಕು. ಆಯುಧ ಹಿಡಿಯಂಗಿಲ್ಲ ಅಂದಿದ್ದ ಕೃಷ್ಣ, ಭೀಷ್ಮನ ಬಾಣಕ್ಕ ಪಾಂಡವರ ದಂಡು ಕರಗೋದನ್ನು ತಾಳಲಾರದೆ ಚಕ್ರ ಹಿಡಿದು ರಥದಿಂದ ಧುಮುಕಿದ. ಅರ್ಜುನ ಓಡಿ ಬಂದು ಕಾಲು ಹಿಡಿದ. ಆ ಗಳಿಗೆಗೆ ಜನ ಉಸಿರು ಬಿಗಿಹಿಡಿದು ಕೂಡ್ತಾರ. ಚುಚ್ಚದ ನೇಮದಿಂದ ಪ್ರಸಂಗ ಹುಟ್ಟೋದಿಲ್ಲ.

ನಾಲ್ಕನೇದು ಕಥೆ ನಡೆಸುವವನಿಗೆ ಹೇಳಬೇಕಾದ ಮಾತು. ಬರೇ ಯುದ್ಧ ಕಟ್ಟಿದರ ಪೂಜಾರಿಗೆ ಪದ ಎಲ್ಲಿಂದ ಬರಬೇಕು? ಊರಿಗೆ ಬ್ಯಾನಿ ಬರಲಿ, ಸತ್ತವನನ್ನು ಮಣ್ಣು ಮಾಡುವವರಿಲ್ಲದಿರಲಿ, ಎರಡು ಊರಿಗೆ ಒಂದೇ ಬಾವಿ ಇರಲಿ. ನಮ್ಮ ಜತ್ತ ತಾಲೂಕಿನ ಗುಡ್ಡಾಪುರದ ದಾನಮ್ಮತಾಯಿ ಹೆಸರಾದದ್ದು ದಾಸೋಹದಿಂದ, ಕತ್ತಿಯಿಂದಲ್ಲ. ಇವತ್ತಿಗೂ ಮಂದಿ ದೂರದಿಂದ ನಡಕೋತ ಬರ್ತಾರ.

ಹುಡುಗ ಮಾಡಿದ ಪೂಜಾರಿ ಒಂದು ಕಾಲದಾಗ ಸಿಪಾಯಿ. ಕತ್ತಿ ಹೊಳಿಗೆ ಎಸೆದು, ಗುಡಿಯ ಕೆಂಡ ಒಂದು ಗಡಿಗ್ಯಾಗ ಇಟ್ಟುಕೊಂಡು ತಿರುಗ್ತಾನ. ಒಂದು ಆದಿತವಾರ ಗೆಳೆಯರು ವೈರಿಯೊಬ್ಬನನ್ನು ಕಟ್ಟಿಹಾಕಿ ಕೊಲ್ಲಲಿಕ್ಕೆ ನಿಂತರಂತ. ಪೂಜಾರಿ ಗಡಿಗಿ ಹಿಡಿದು ನಡುವ ನಿಂತ. "ಇವನನ್ನು ಕೊಂದರ ನಿಮ್ಮ ಗಾಯ ನಾ ಮುಟ್ಟಂಗಿಲ್ಲ" ಅಂದ. ಅರ್ಧ ತಾಸು ಬರೇ ಮಾತು ನಡೀತು. ದಾಳ ಮೇಜಿನ ಮ್ಯಾಲೇ ಇತ್ತು, ಯಾರೂ ಮುಟ್ಟಲಿಲ್ಲ. ಕಡೀಕ ಹಗ್ಗ ಬಿಚ್ಚಿದರು. ಆವತ್ತಿನಿಂದ ದಾರಿ ನಡೆಯುವಾಗ ಪೂಜಾರಿಯನ್ನು ನಡುವ ಇಟ್ಟುಕೊಂಡು ನಡೀತಾರಂತ.

ನಾನೂ ನಮ್ಮ ಮೇಳದವರಿಗೆ ಹೇಳೇನಿ, ಸುಗ್ಗಿ ಮುಗಿದ ಮ್ಯಾಲೆ ವನವಾಸದ ಪ್ರಸಂಗ ಹಚ್ಚೋದಾದರ ಧೌಮ್ಯನಿಗೆ ಒಂದು ವೇಷ, ಎರಡು ಪದ ಇಡೋಣ. ಪದ ನಾನೇ ಕಟ್ತೀನಿ. ಸಾಲಿ ಗುರುಗಳು ಮಕ್ಕಳ ಕಡೆಯಿಂದ ಆಟ ಆಡಿಸುವಾಗಲೂ ಹಂಗ ಮಾಡ್ರಿ. ಎಲ್ಲಾ ಹುಡುಗರೂ ಭೀಮ ಆಗಲಿಕ್ಕೆ ಕೈ ಎತ್ತತಾರ. ಹಿಂದ ಸುಮ್ಮನ ಕೂತ ಹುಡುಗನಿಗೆ ಬೆಂಕಿ ಕಾಯುವ ಪಾತ್ರ ಕೊಟ್ಟು ನೋಡ್ರಿ. ಕೊಟ್ಟ ಮ್ಯಾಲೆ ಅವನಿಗೊಂದು ಮಾತೂ ಬರೆದು ಕೊಡ್ರಿ.